ಎಂಟನೇ ಮನೆಯ ಗಿಣ್ಣು

ಗುರುಬಸಮ್ಮನ ಹಸು ಕರು ಹಾಕಿ ಅಂದಿಗೆ ಮೂರನೇ ದಿನ. ಹನ್ನೊಂದು ಗಂಟೆ ದಾಟಿತ್ತು. ಸಿದ್ದರಾಜು ಲೂನಾ ನಿಲ್ಲಿಸಿ, ಔಷಧಿ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹಿತ್ತಿಲ ಕಡೆಯಿಂದಲೇ ಕೊಟ್ಟಿಗೆಗೆ ಬಂದ. ತೋಪಿನಹುಂಡಿಯ ಪಶು ಚಿಕಿತ್ಸಾ ಕೇಂದ್ರಕ್ಕೆ ಡಾಕ್ಟರು ವಾರಕ್ಕೊಮ್ಮೆ ಬಂದರೆ ಅದೇ ಹಬ್ಬ. ಮೂರು ಊರಿಗೆ ಒಬ್ಬರೇ ಡಾಕ್ಟರು, ಅವರಾದರೂ ಏನು ಮಾಡಿಯಾರು? ಉಳಿದ ಆರು ದಿನ ಸಿದ್ದರಾಜುವೇ ಡಾಕ್ಟರು, ಸಿದ್ದರಾಜುವೇ ಕಾಂಪೌಂಡರು, ಬೆಳಿಗ್ಗೆ ಬೀಗ ತೆಗೆದು ಕಸ ಗುಡಿಸುವವನೂ ಸಿದ್ದರಾಜುವೇ. ಡಾಕ್ಟರ ಚೀಟಿ ಇಲ್ಲದೆ ಅವನು ಸೂಜಿ ಹಿಡಿಯಬಾರದು ಎಂದು ಕಾನೂನೇನೋ ಇದೆ. ಕಾನೂನು ಓದಿಕೊಂಡು ಹಸುವಿಗೆ ಕೆಚ್ಚಲು ಬಾವು ಬರುತ್ತದೆಯೇ?

ಭಾನುವಾರ ಬೆಳಗಿನ ಜಾವ ಕರು ಬಿದ್ದಿತ್ತು. ಬೆಳಕು ಹರಿಯುವಷ್ಟರಲ್ಲಿ ಕೆಚ್ಚಲು ಕಲ್ಲಿನ ಹಾಗೆ ಗಟ್ಟಿಯಾಗಿ, ಹಿಂದಿನ ಎಡಮೊಲೆಯಲ್ಲಿ ಹಾಲಿಗೆ ಬದಲು ಕೀವು ಬರುತ್ತಿತ್ತು. ಸಿದ್ದರಾಜು ಆ ಮೊಲೆಗೆ ಒಂದು ಟ್ಯೂಬು ಮದ್ದು ಏರಿಸಿ, ಕತ್ತಿಗೆ ಪೆನಿಸಿಲಿನ್ ಚುಚ್ಚಿದ. ಸೋಮವಾರ ಇನ್ನೊಂದು ಚುಚ್ಚಿದ. ಮದ್ದೂ ಸರಿಯಾದದ್ದೇ, ಅಳತೆಯೂ ಸರಿಯಾದದ್ದೇ. ಹೊರಡುವಾಗ ಹೇಳಬೇಕಾದ ಮಾತನ್ನೂ ಹೇಳಿದ್ದ. "ಅವ್ವಾರೆ, ಮದ್ದು ನಿಲ್ಸಿದ ಮೇಲೂ ನಾಕ್ ದಿನ ಈ ಹಾಲ್ನ ಡೇರಿಗೆ ಹಾಕ್ಬೇಡಿ." ಡೇರಿಯ ಕ್ಯಾನಿಗೆ ಮದ್ದಿನ ಹಾಲು ಬಿದ್ದು, ಯಾರಾದರೂ ಪರೀಕ್ಷೆ ಮಾಡಿ, ಚೀಟಿ ಇಲ್ಲದೆ ಚುಚ್ಚಿದವನು ಯಾರೆಂದು ಕೇಳಿಬಿಟ್ಟರೆ ಎಂಬುದು ಅವನ ಭಯ. ಮನುಷ್ಯ ಯಾವುದಕ್ಕೆ ಹೆದರುತ್ತಾನೋ ಅದೊಂದನ್ನೇ ಹೇಳುತ್ತಾನೆ, ನೋಡಿ.

ಇವತ್ತು ಕೆಚ್ಚಲು ಮೆತ್ತಗಾಗಿತ್ತು. ಹಸು ಮೇವಿಗೆ ಬಾಯಿ ಹಾಕಿತ್ತು. ಸಿದ್ದರಾಜುವಿಗೆ ಖುಷಿಯಾಗಿ, ಮೂರನೇ ಇಂಜೆಕ್ಷನ್ನಿಗೆ ಸಿರಿಂಜು ತುಂಬಿಸುತ್ತಿದ್ದ. ಅಷ್ಟರಲ್ಲಿ ಗುರುಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅರವತ್ತರ ವಿಧವೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು.

"ನಿಮ್ ಕೈಗುಣ ಕಣ್ರೀ ಡಾಕ್ಟ್ರೇ! ಆ ಕೆಟ್ಟ ಮೊಲೆ ನಾನು ಮುಟ್ನೇ ಇಲ್ಲ. ಮಿಕ್ಕಿದ್ ಮೂರ್ರಲ್ಲಿ ನೆನ್ನೆ ಎರಡೊತ್ತೂ ಕರ್ದೆ. ನೀವು ಡೇರಿಗೆ ಆಕ್ಬೇಡಿ ಅಂದಿದ್ರಲ್ಲ, ಒಂದು ತೊಟ್ಟೂ ಕಳಿಸ್ನಿಲ್ಲ. ಏಲಕ್ಕಿ, ಬೆಲ್ಲ ಆಕಿ ಅಷ್ಟೂ ಗಿಣ್ಣು ಕಾಸಿ ಬೆಳಿಗ್ಗೆ ಅಂಚ್ಬುಟ್ಟೆ!"

ಸಿದ್ದರಾಜು ಕೈಯಲ್ಲಿದ್ದ ಸಿರಿಂಜನ್ನು ಕೆಳಗಿಟ್ಟ. ಹೌದಲ್ಲ! ಕರು ಹಾಕಿದ ಹಸುವಿನ ಮೊದಲ ಹಾಲನ್ನು ಡೇರಿಗೆ ಹಾಕುವ ಮಂಗ ಯಾವ ಊರಲ್ಲಿದ್ದಾನೆ? ಅದು ಗಿಣ್ಣಾಗುತ್ತದೆ, ನೆರೆಹೊರೆಗೆ ಹೋಗುತ್ತದೆ. ಹಂಚದೆ ತಾವೇ ತಿಂದರೆ ಹಸುವಿಗೆ ದೃಷ್ಟಿ. ಹುಟ್ಟಿದಾಗಿನಿಂದ ಕಂಡದ್ದು, ಬಟ್ಟಲು ನೆಕ್ಕಿದ್ದು, ಹೇಳುವಾಗ ಮಾತ್ರ ನೆನಪಾಗಲಿಲ್ಲ.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಮೂರು ದಿನ ಕೂರಿಸಿ ಪಾಠ ಹೇಳಿದ್ದರು. ಕತ್ತಿಗೆ ಚುಚ್ಚಿದ್ದು ಕೆಟ್ಟ ಮೊಲೆಗೆ ಮಾತ್ರ ಇಳಿಯುವುದಿಲ್ಲ, ನಾಲ್ಕಕ್ಕೂ ಇಳಿಯುತ್ತದೆ. ಕುದಿಸಿದರೆ ರೋಗಾಣು ಸಾಯಬಹುದು, ಪೆನಿಸಿಲಿನ್ ಪೂರ್ತಿ ಹೋಗುವುದಿಲ್ಲ. ಕುಡಿದ ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಮಂದಿಗೆ ಏನೂ ಆಗದೆ ಇರಬಹುದು. ಆ ಮದ್ದು ಮೈಗೆ ಒಗ್ಗದವರು ಒಬ್ಬರಿದ್ದರೆ ಮಾತ್ರ ಪ್ರಾಣಕ್ಕೇ ಸಂಚಕಾರ. ಬೇರೆಯವರಿಗೆ ಅದು ಪಾಠ. ಸಿದ್ದರಾಜುವಿಗೆ ಆ ಒಬ್ಬರು ಯಾರೆಂದು ಗೊತ್ತಿತ್ತು. ಚನ್ನಯ್ಯನ ಮಗಳು ರಂಜಿನಿ.

ಆರು ವರ್ಷದ ಹಿಂದಿನ ಮಾತು, ತೊಂಬತ್ತೆರಡರದು. ಸಿದ್ದರಾಜು ಆಗ ತಾನೇ ಕೆಲಸಕ್ಕೆ ಸೇರಿದ್ದ. ಚನ್ನಯ್ಯ ಅವನ ಕೇರಿಯವನೇ, ವರಸೆಯಲ್ಲಿ ಭಾವ, ಗುರುಬಸಮ್ಮನ ಗದ್ದೆಯಲ್ಲಿ ಕೂಲಿ. ಒಂಬತ್ತು ವರ್ಷದ ರಂಜಿನಿಗೆ ಗಂಟಲು ಬಾತು ಜ್ವರ ಬಂದಾಗ, ಚನ್ನಯ್ಯ ಅವಳನ್ನು ಎತ್ತಿಕೊಂಡು ಕೇಂದ್ರದ ಬಾಗಿಲಿಗೆ ಬಂದ. "ದನಕ್ಕೆ ಚುಚ್ಚೋನು ಮನ್ಸರಿಗೆ ಚುಚ್ಚಕಿಲ್ವಾ? ಒಂದು ಸೂಜಿ ಆಕ್ಬುಡ್ಲಾ" ಎಂದ. ಹೊಸ ಕೆಲಸ, ಹೊಸ ಸೊಕ್ಕು. ಸಿದ್ದರಾಜು ಹಾಕಿಯೇಬಿಟ್ಟ. ಹತ್ತು ನಿಮಿಷದಲ್ಲಿ ಮಗುವಿನ ಮುಖ ಬಾತು ಕಣ್ಣು ಮುಚ್ಚಿಹೋಯಿತು, ತುಟಿ ನೀಲಿಯಾಯಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಭತ್ತದ ಲಾರಿಯಲ್ಲಿ ಮೂಟೆಗಳ ಮೇಲೆ ಮಲಗಿಸಿಕೊಂಡು ನಂಜನಗೂಡಿಗೆ ಓಡಿದ್ದರು.

ಅಲ್ಲಿ ಡಾಕ್ಟರು, "ಯಾರು ಕೊಟ್ಟಿದ್ದು? ಏನು ಕೊಟ್ಟಿದ್ದು? ಬೇಗ ಹೇಳ್ರಯ್ಯಾ" ಎಂದು ಕೂಗಾಡಿದರೆ, ಚನ್ನಯ್ಯ ಕೈಮುಗಿದು, "ಸಂತೇಲಿ ಯಾವನೋ ಚುಚ್ಚ್‌ದ ಸಾ, ಎಸ್ರು ಗೊತ್ತಿಲ್ಲ" ಎಂದ. ಸಿದ್ದರಾಜು ಪಕ್ಕದಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲ. ಮಗು ಉಳಿದದ್ದು ಅವಳ ಆಯಸ್ಸು ಗಟ್ಟಿಯಿದ್ದದ್ದರಿಂದ. ಊಹೆಯ ಮೇಲೆ ಡಾಕ್ಟರು, ಇವಳಿಗೆ ಇನ್ನು ಮೇಲೆ ಪೆನಿಸಿಲಿನ್ ಸೂಜಿ ಹಾಕಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಚನ್ನಯ್ಯ ಸಿದ್ದರಾಜುವಿನ ಹೆಗಲು ಹಿಡಿದು, "ನಮ್ ಕೇರೀಲಿ ಸರ್ಕಾರಿ ಅನ್ನ ಉಣ್ಣೋನು ನೀನೊಬ್ನೇ ಕಣ್ಲಾ. ಅದ್ಕೂ ಕಲ್ಲಾಕನಾ?" ಎಂದಿದ್ದ. ಜ್ವರದ ಮಂಪರಿನಲ್ಲಿದ್ದ ಹುಡುಗಿಗೆ ಚುಚ್ಚಿದ್ದು ಯಾರೆಂದು ನೆನಪಿರಲಿಲ್ಲ, ಯಾರೂ ಹೇಳಲೂ ಇಲ್ಲ. ಅವಳ ಪಾಲಿಗೆ ಸಿದ್ದರಾಜು ಎಂದರೆ ಪ್ರತಿ ಜೂನ್ ತಿಂಗಳಲ್ಲಿ ನೋಟ್ ಪುಸ್ತಕ ತಂದುಕೊಡುವ ಮಾವ.

ಈಗ ಕೊಟ್ಟಿಗೆಯಲ್ಲಿ ನಿಂತು ಸಿದ್ದರಾಜು ಕೇಳಿದ. "ಯಾರ್ಯಾರಿಗೆ ಕೊಟ್ರಿ ಅವ್ವಾರೆ?"

ಗುರುಬಸಮ್ಮ ಬೆರಳು ಮಡಚಿ ಎಣಿಸಿದಳು. "ಪುಟ್ಟಬಸವಯ್ಯನೋರ ಮನೆ, ಮಂಗಳಗೌರಿ ಮನೆ, ಬೆಟ್ಟಸ್ವಾಮಿ ಮನೆ..." ಎಲ್ಲವೂ ಅವಳ ಬೀದಿಯವೇ. "ಏಳ್ ಮನೆ ಕಣಪ್ಪ."

"ಇನ್ಯಾರಿಗೂ ಕೊಡ್ನಿಲ್ವಾ?"

"ಇನ್ಯಾರವ್ರೆ ಕೊಡಕೆ? ಏಳೇ ಮನೆ."

ಚನ್ನಯ್ಯನ ಹೆಸರು ಎತ್ತಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆ ಹೆಸರು ಎತ್ತಿದರೆ, ಅವನ ಮಗಳಿಗೇನು ಎನ್ನುತ್ತಾಳೆ. ಹಳೆಯದೆಲ್ಲ ಎದ್ದು ಕೂರುತ್ತದೆ. ಸಿದ್ದರಾಜು ಕೇಳಲಿಲ್ಲ. ಏಳೇ ಮನೆ ಎಂದಳಲ್ಲ, ತಮ್ಮ ಕೇರಿಯದು ಒಂದೂ ಇಲ್ಲವಲ್ಲ ಎಂದು ಅರ್ಧ ಜೀವ ಬಂತು. ಆದರೂ ಸಮಾಧಾನವಿಲ್ಲ. ಉಳಿದದ್ದನ್ನಾದರೂ ಚೆಲ್ಲಿಸೋಣ ಎಂದು ಬೀದಿಗಿಳಿದ.

ಚೆಲ್ಲುವುದು ಅಂದರೆ ಸುಮ್ಮನೆಯೇ! ಮಂಗಳಗೌರಿ ಬಾಗಿಲಲ್ಲೇ ನಿಂತು ಕಣ್ಣರಳಿಸಿದಳು. "ಗಿಣ್ಣು ಚೆಲ್ಲುದ್ರೆ ಅಸ ಬತ್ತೋಯ್ತದೆ ಕಣ್ರೀ. ಓದಿರೋರು ಆಡೋ ಮಾತಾ ಇದು?" ಬೆಟ್ಟಸ್ವಾಮಿ ಖಾಲಿ ಬಟ್ಟಲು ತೋರಿಸಿ ಹೊಟ್ಟೆ ಸವರಿಕೊಂಡ. "ಬೇಕಾರೆ ಇಲ್ಲಿಂದ ತಕ್ಕೊಳಿ" ಎಂದು ನಕ್ಕ. ಯಾರಿಗೂ ಮೈ ಕೆರೆತವಿಲ್ಲ, ಗಂಟಲು ಕಟ್ಟಿಲ್ಲ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ಮೂರನೆಯದು ಪುಟ್ಟಬಸವಯ್ಯನ ಮನೆ. ಮುದುಕ ಜಗಲಿಯ ಮೇಲೆ ಕೂತು ಇನ್ನೂ ಬೆರಳು ಚೀಪುತ್ತಿದ್ದ.

"ಎಂಥ ಗಿಣ್ಣಯ್ಯ! ನಾನು ಇನ್ನೊಂದು ಬಟ್ಲು ಬೇಕು ಅಂತ ಓದೆ. ಎಲ್ಲಿ ಉಳ್ದದೆ? ತಳದಲ್ಲಿದ್ದುದ್ನ ಇತ್ತಲ ಬಾಗ್ಲಲ್ಲಿ ಚನ್ನಂಗೆ ಬಗ್ಗುಸ್ತಿದ್ಲು. ಅವ್ನು ಡಬ್ಬಿ ಇಡ್ಕೊಂಡು ನಿಂತಿದ್ದ."

ಹಿತ್ತಿಲ ಬಾಗಿಲು! ಆಳಿಗೆ ಬಗ್ಗಿಸಿದ್ದು ಹಂಚಿದ ಲೆಕ್ಕಕ್ಕೆ ಬರುವುದಿಲ್ಲ. ಗುರುಬಸಮ್ಮ ಸುಳ್ಳು ಹೇಳಿರಲಿಲ್ಲ. ಅವಳ ಎಣಿಕೆಯಲ್ಲಿ ಎಂಟನೇ ಮನೆ ಎಂಬುದೇ ಇರಲಿಲ್ಲ. ಅದು ಅವಳಿಗೆ ತಿಳಿಯದಿದ್ದರೆ ಹೋಗಲಿ, ಅದೇ ಹಿತ್ತಿಲ ಬಾಗಿಲಲ್ಲಿ ಅಪ್ಪನ ಜೊತೆ ಡಬ್ಬಿ ಹಿಡಿದು ನಿಂತು ಬೆಳೆದ ತನಗೆ ತಿಳಿಯಬಾರದೇ? ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು ಅವನಿಗೆ.

ಚನ್ನಯ್ಯ ಕಬ್ಬಿನ ಗದ್ದೆಗೆ ನೀರು ತಿರುಗಿಸುತ್ತಿದ್ದ. ಬದುವಿನ ಮೇಲೆ ಓಡಿ ಬಂದ ಸಿದ್ದರಾಜುವನ್ನು ನೋಡಿ ಗುದ್ದಲಿ ಊರಿ ನಿಂತ.

"ಭಾವ, ಗಿಣ್ಣು ಏನ್ ಮಾಡ್ದೆ?"

"ಯಾಕ್ಲಾ, ನಿಂಗೂ ಬೇಕಿತ್ತಾ? ಮಗೀಗೆ ಇವತ್ತು ಎಸೆಸೆಲ್ಸಿ ಪರೀಕ್ಷೆ ಅಲ್ವಾ, ನರಸೀಪುರದಲ್ಲಿ. ಸಿಹಿ ತಿನ್ನಲಿ ಅಂತ ಅಷ್ಟೂ ಅವಳ ಡಬ್ಬಿಗೇ ಆಕಿ ಕಳಿಸ್ದೆ. ಮಧ್ಯಾನುಕ್ಕೆ ತಿಂತೀನಿ ಅಂತ ತಗೊಂಡೋದ್ಲು."

"ಅದ್ರಲ್ಲಿ ಪೆನಿಸಿಲಿನ್ ಅದೆ ಕಣ್ ಭಾವ. ನಾನೇ ಹಸೀಗೆ ಚುಚ್ಚಿದ್ದು."

ಚನ್ನಯ್ಯನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. "ಸೂಜಿ ಬ್ಯಾಡ ಅಂದಿದ್ರು. ಗಿಣ್ಣಲ್ಲೂ ಬತ್ತದಾ?" ಎಂದವನೇ ಗುದ್ದಲಿ ಕೈಬಿಟ್ಟ. ಸಿದ್ದರಾಜು ಆಗಲೇ ಓಡಿದ್ದ. "ನೀನು ಬಸ್ಸಿಗೆ ಬಾ!" ಎಂದು ಕೂಗಿದ್ದು ಕೇಳಿಸಿತೋ ಇಲ್ಲವೋ.

ತೋಪಿನಹುಂಡಿಯಿಂದ ನರಸೀಪುರಕ್ಕೆ ಹದಿನಾರು ಕಿಲೋಮೀಟರು. ಲೂನಾ ಎಂಬ ಆ ಗಾಡಿಗೆ ಏರು ಬಂದರೆ ತುಳಿಯಬೇಕು, ಇಳಿಜಾರು ಬಂದರೆ ಹೆದರಬೇಕು. ಮಾರ್ಚ್ ಬಿಸಿಲು ನೆತ್ತಿ ಸುಡುತ್ತಿತ್ತು. ಎದುರಿಗೆ ಕಬ್ಬಿನ ಗಾಡಿಗಳು ರಸ್ತೆ ತುಂಬ ಹರಡಿಕೊಂಡು ತೆವಳುತ್ತಿದ್ದವು. ಸಿದ್ದರಾಜು ಹಾರನ್ ಒತ್ತಿ ಒತ್ತಿ, "ಸರೀರಣ್ಣ, ಸರೀರಿ" ಎಂದು ಅಂಗಲಾಚುತ್ತಾ ಮಣ್ಣಿಗಿಳಿದು ದಾಟಿದ. ಪರೀಕ್ಷೆ ಒಂದೂವರೆಗೆ ಮುಗಿಯುತ್ತದೆ. ಮುಗಿಯುವ ತನಕ ಅವಳು ಡಬ್ಬಿ ತೆಗೆಯುವುದಿಲ್ಲ. ತೆಗೆಯದಿರಲಿ, ನಂಜುಂಡಪ್ಪ, ತೆಗೆಯದಿರಲಿ. ಗಳಿಗೆಗೊಮ್ಮೆ ಕೈಗಡಿಯಾರ ನೋಡಿದ. ಅದು ಅವನನ್ನು ಅಣಕಿಸುವಂತೆ ಓಡುತ್ತಿತ್ತು.

ನರಸೀಪುರದ ಸೇತುವೆ ದಾಟಿ ಪರೀಕ್ಷೆ ನಡೆಯುತ್ತಿದ್ದ ಸ್ಕೂಲಿನ ಗೇಟಿಗೆ ಬಂದಾಗ ಒಂದು ಗಂಟೆ ಐದು ನಿಮಿಷ. ಗೇಟಿಗೆ ಸರಪಳಿ, ಸರಪಳಿಗೆ ಬೀಗ, ಬೀಗದ ಪಕ್ಕ ಲಾಠಿ ಹಿಡಿದ ಪೊಲೀಸು.

"ಸಾ, ಒಳಗೊಂದು ಹುಡುಗಿ ಅವ್ಳೆ. ಅವಳ ಡಬ್ಬಿ ಊಟ ತಿನ್ನಬಾರ್ದು ಸಾ, ಒಂದು ಮಾತು ಹೇಳ್ಬೇಕು."

ಪೊಲೀಸು ಬ್ಯಾಗು ನೋಡಿ ನಕ್ಕ. "ಕಾಪಿ ಚೀಟಿ ಕೊಡಕೆ ಎಲ್ರೂ ಒಂದೊಂದು ಕತೆ ಕಟ್ಕೊಂಡ್ ಬತ್ತೀರಿ. ಇದು ಹೊಸ್ದು. ಬೆಲ್ ಆಗೋಗಂಟ ಬುಡಕಿಲ್ಲ, ನಡೀರಿ ಆ ಕಡೆ."

ಬೇಡಿಕೊಂಡ, ಕೈಮುಗಿದ, ಇಲಾಖೆಯ ಗುರುತಿನ ಚೀಟಿ ತೋರಿಸಿದ. "ದನದ ಡಾಕ್ಟ್ರಿಗೆ ಇಲ್ಲೇನ್ ಕೆಲ್ಸ?" ಎಂದ ಪೊಲೀಸು. ಸರಿ, ಬೆಲ್ ಆಗುವ ತನಕ ಅವಳು ತಿನ್ನುವುದಿಲ್ಲವಲ್ಲ ಎಂದು ಸಿದ್ದರಾಜು ಕಂಬಿ ಹಿಡಿದು ನಿಂತ. ಇಪ್ಪತ್ತೈದು ನಿಮಿಷ. ಒಂದೊಂದು ನಿಮಿಷವೂ ಒಂದೊಂದು ವರ್ಷ. ಕೊನೆಗೂ ಬೆಲ್ ಹೊಡೆಯಿತು, ಸರಪಳಿ ಬಿಚ್ಚಿತು, ಮಕ್ಕಳು ಹೋ ಎಂದು ನುಗ್ಗಿ ಬಂದವು. ನೂರು ಮುಖ ಹೋದವು, ಇನ್ನೂರು ಮುಖ ಹೋದವು. ರಂಜಿನಿ ಬರಲಿಲ್ಲ.

ಊರಿನ ಹುಡುಗಿ ನಯನ ಸಿಕ್ಕಳು. ತಡೆದು ಕೇಳಿದ.

"ರಂಜಿನಿನಾ? ಅವ್ಳು ಬೇಗ ಬರ್ದು ಮುಗಿಸಿ ಒಂದ್ ಗಂಟೆಗೇ ಎದ್ದೋದ್ಲು. ಇಂದ್ಗಡೆ ನಲ್ಲಿ ಅತ್ರ ಇರ್ಬೇಕು, ಊಟ ಮಾಡ್ತಾ."

ಅಯ್ಯೋ ಶಿವನೇ! ತಾನು ಮುಂದಿನ ಗೇಟಿನಲ್ಲಿ ಕಂಬಿ ಎಣಿಸುತ್ತಿದ್ದಷ್ಟು ಹೊತ್ತೂ ಅವಳು ಹಿಂದೆ ಡಬ್ಬಿ ತೆಗೆದು ಕೂತಿದ್ದಳು. ಸಿದ್ದರಾಜು ಕಟ್ಟಡ ಸುತ್ತಿ ಓಡಿದ.

ರಂಜಿನಿ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಡಬ್ಬಿ, ಮುಕ್ಕಾಲು ಖಾಲಿ. ಕತ್ತಿನ ಮೇಲೆ, ತೋಳಿನ ಮೇಲೆ ಕೆಂಪು ದದ್ದುಗಳು ಎದ್ದಿದ್ದವು. ಕೆಳತುಟಿ ದಪ್ಪಗಾಗಿತ್ತು. ಅವನನ್ನು ನೋಡಿ ನಗಲು ಹೋದಳು.

"ಮಾವ, ನೀವ್ಯಾಕ್ ಬಂದ್ರಿ? ಮೈಯೆಲ್ಲ ನವೆ ಮಾವ. ಗಂಟ್ಲು ಯಾರೋ ಇಸುಕ್ದಂಗಾಯ್ತದೆ." ದನಿ ಗೊಗ್ಗರಾಗಿತ್ತು.

ಸಿದ್ದರಾಜುವಿನ ಕೈ ತಾನೇ ಬ್ಯಾಗಿಗೆ ಹೋಯಿತು. ಒಳಗೆ ಹತ್ತಿ ಸುತ್ತಿದ ಅಡ್ರಿನಲಿನ್ ಆಂಪೂಲು ಇತ್ತು, ಮದ್ದು ಒಗ್ಗದೆ ಉಸಿರು ಕಟ್ಟಿದಾಗ ಚುಚ್ಚುವುದು. ತೊಂಬತ್ತೆರಡರ ನಂತರ ಅದಿಲ್ಲದೆ ಅವನು ಮನೆ ಬಿಟ್ಟದ್ದಿಲ್ಲ. ಹಸುವಿಗೆ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ನಲವತ್ತು ಕೆಜಿ ತೂಗದ ಹುಡುಗಿಗೆ ಎಷ್ಟು? ಗೊತ್ತಿಲ್ಲ. ಅಂದೂ ಗೊತ್ತಿರಲಿಲ್ಲ, ಗೊತ್ತಿದ್ದವನ ಹಾಗೆ ಚುಚ್ಚಿದ್ದ. ಬ್ಯಾಗಿನ ಜಿಪ್ಪು ಮುಚ್ಚಿ, ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹುಡುಗಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಗೇಟಿನ ಪೊಲೀಸು ಈಗ ನಗಲಿಲ್ಲ, ತಾನೇ ಓಡಿ ಆಟೋ ನಿಲ್ಲಿಸಿದ.

ಸರ್ಕಾರಿ ಆಸ್ಪತ್ರೆಗೆ ಐದು ನಿಮಿಷದ ದಾರಿ. ಅಷ್ಟರಲ್ಲಿ ಉಸಿರು ಸಿಳ್ಳೆ ಹೊಡೆಯತೊಡಗಿತ್ತು. ಆ ಸಿಳ್ಳೆಯನ್ನು ಅವನು ಆರು ವರ್ಷದಿಂದ ಕನಸಿನಲ್ಲಿ ಕೇಳುತ್ತಿದ್ದ.

ಡ್ಯೂಟಿಯಲ್ಲಿದ್ದ ಹೆಂಗಸು ಡಾಕ್ಟರು ಹುಡುಗಿಯನ್ನು ಮಲಗಿಸುತ್ತಲೇ ಕೇಳಿದರು. "ಏನ್ ತಿಂದ್ಲು? ಮೊದ್ಲು ಯಾವಾಗಾದ್ರೂ ಹೀಗಾಗಿತ್ತಾ? ಯಾವ ಔಷಧಿಗೆ?"

ಅದೇ ಪ್ರಶ್ನೆ. ಗಿಣ್ಣು ತಿಂದಳು ಎಂದಷ್ಟೇ ಹೇಳಿದರೆ? ಬೆಲ್ಲಕ್ಕಾಯಿತೋ ಏಲಕ್ಕಿಗಾಯಿತೋ ಎಂದುಕೊಳ್ಳುತ್ತಾರೆ. ಗಂಟಲು ಬಾತಿದೆ ಎಂದು ನಾಳೆ ಯಾರಾದರೂ ಅದೇ ಮದ್ದು ಬರೆಯುತ್ತಾರೆ. ಹೇಳಿದರೆ ಕೆಲಸ ಹೋಗುತ್ತದೆ, ಚನ್ನಯ್ಯ ಕಾಪಾಡಿದ ಅನ್ನ ಹೋಗುತ್ತದೆ. ಸುಳ್ಳು ಒಂದು ಸಲ ನುಂಗಿದರೆ ಹೊಟ್ಟೆಯಲ್ಲೇ ಮರಿ ಹಾಕುತ್ತದೆ.

"ಪೆನಿಸಿಲಿನ್ ಮೇಡಂ" ಎಂದ ಸಿದ್ದರಾಜು. "ಹಸೀಗೆ ನಾನು ಕೊಟ್ಟಿದ್ದು. ಡಾಕ್ಟ್ರ ಚೀಟಿ ಇರ್ಲಿಲ್ಲ. ಆ ಹಾಲಿನ ಗಿಣ್ಣು ಇದು, ಡಬ್ಬಿ ತಂದಿವ್ನಿ. ಆರು ವರ್ಷದಿಂದೆ ಇವಳಿಗೆ ಅದೇ ಮದ್ದು ಚುಚ್ಚಿ ಸಾಯೋಂಗೆ ಮಾಡಿದ್ದೂ ನಾನೇ. ಸಂತೆಯೋನು ಅಲ್ಲ, ನಾನೇ."

ಡಾಕ್ಟರು ಒಂದು ಸಲ ಅವನ ಮುಖ ನೋಡಿದರು. ಬೈಯಲು ಅವರಿಗೆ ಪುರಸೊತ್ತಿರಲಿಲ್ಲ. ನರ್ಸಿಗೆ ಎರಡು ಮಾತು ಹೇಳಿ ಸಿರಿಂಜು ಕೈಗೆ ತೆಗೆದುಕೊಂಡರು. ಮಂಚದ ಮೇಲಿಂದ ರಂಜಿನಿಯ ಬಾತ ಕಣ್ಣುಗಳು ಸೀಳಿನಷ್ಟೇ ತೆರೆದು ಅವನನ್ನೇ ನೋಡುತ್ತಿದ್ದವು. ಅವಳಿಗೆ ಎಲ್ಲವೂ ಕೇಳಿಸಿತ್ತು.

ಚನ್ನಯ್ಯ ಬಸ್ಸಿಳಿದು ಸ್ಕೂಲಿಗೆ ಹೋಗಿ, ವಿಚಾರಿಸಿಕೊಂಡು ಆಸ್ಪತ್ರೆಗೆ ಬರುವಷ್ಟರಲ್ಲಿ ಮೂರು ಗಂಟೆ. ಉಸಿರು ಹದಕ್ಕೆ ಬಂದಿತ್ತು. ದದ್ದುಗಳು ಇಳಿಯುತ್ತಿದ್ದವು. ಡಾಕ್ಟರು ಆಸ್ಪತ್ರೆಯ ದಪ್ಪ ಪುಸ್ತಕದಲ್ಲಿ ಸಿದ್ದರಾಜುವಿನ ಹೆಸರು, ಹುದ್ದೆ, ಊರು ಬರೆಸಿಕೊಂಡು, ನಿಮ್ಮ ಇಲಾಖೆಗೆ ಕಾಗದ ಹೋಗುತ್ತದೆ ಎಂದಿದ್ದರು. ಚನ್ನಯ್ಯ ಮಗಳ ಹಣೆ ಮುಟ್ಟಿ ನೋಡಿ, ಸಿದ್ದರಾಜುವನ್ನು ಬಾಗಿಲಿಗೆ ಎಳೆದುಕೊಂಡು ಬಂದ.

"ಏಳ್ಬುಟ್ಯಾ?"

"ಹೇಳ್ದೆ ಭಾವ."

"ಥೂ ನಿನ್ನ! ನಾನು ಸುಳ್ಳಾಡಿದ್ದು ಯಾತುಕ್ಲಾ ಅಂಗಾರೆ?" ಚನ್ನಯ್ಯನಿಗೆ ಸಿಟ್ಟೋ ದುಃಖವೋ ಅವನಿಗೇ ತಿಳಿಯಲಿಲ್ಲ. ಟವಲು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ.

ಒಳಗಿನಿಂದ ಗೊಗ್ಗರು ದನಿ ಕೇಳಿತು. "ಪುಸ್ತಕ ತಂದ್ಕೊಡ್ತಿದ್ದುದು ಅದ್ಕೇನಾ?"

ಸಿದ್ದರಾಜು ಮಂಚದ ಹತ್ತಿರ ಹೋದ. ಇಲ್ಲ ಕಣವ್ವ, ನಿನ್ನ ಮೇಲಿನ ಅಕ್ಕರೆಗೆ ಎನ್ನಬಹುದಿತ್ತು. ಅದೂ ಪೂರಾ ಸುಳ್ಳಲ್ಲ.

"ಹೂಂ ಕಣವ್ವ. ಅದ್ಕೇ ಶುರು ಮಾಡಿದ್ದು" ಎಂದ.

ರಂಜಿನಿ ಎದ್ದು ಕೂತು, ಅಪ್ಪ ಸ್ಕೂಲಿನಿಂದ ತಂದು ತಲೆದಿಂಬಿನ ಪಕ್ಕ ಇಟ್ಟಿದ್ದ ಪರೀಕ್ಷೆಯ ರಟ್ಟು ಎಳೆದುಕೊಂಡು, ಅದಕ್ಕೆ ಒಂದು ಬಿಳಿ ಹಾಳೆ ಸಿಕ್ಕಿಸಿ, ಪೆನ್ನಿನ ಸಮೇತ ಅವನ ಮುಂದೆ ಹಿಡಿದಳು.

"ಯಾವ್ಯಾವ ಮದ್ದು ನಂಗೆ ಆಗಲ್ಲ, ಮದ್ದು ಆಕಿರೋ ಅಸಿನ ಆಲು ಎಷ್ಟ್ ದಿನ ಮುಟ್ಬಾರ್ದು, ಎಲ್ಲ ಕನ್ನಡದಲ್ಲಿ ಬರ್ಕೊಡಿ. ನಾನೇ ಇಟ್ಕೊತೀನಿ. ಕೆಳಗೆ ನಿಮ್ಮೆಸ್ರೂ ಬರೀರಿ, ಸಾ."

ಹುಟ್ಟಿದಾಗಿನಿಂದ ಮಾವ ಎಂದವಳು. ಸಿದ್ದರಾಜು ಪೆನ್ನು ತೆಗೆದುಕೊಂಡ. ಅಕ್ಷರ ದಪ್ಪ ದಪ್ಪಗೆ, ಯಾರು ಬೇಕಾದರೂ ಓದುವ ಹಾಗೆ ಬರೆದ. ಬರೆದು ಮುಗಿಸಿ ಕೆಳಗೆ ತನ್ನ ಹೆಸರು ಹಾಕಿದ.